ಒಳಗೂ ಹೊರಗೂ ಒಂದು ಹೊದಿಕೆ



ಇವತ್ತು ಮನೆಯ ಮಾತಿನಿಂದ ಶುರು ಮಾಡೋಣ. ಹಬ್ಬ ಬಂತು ಅಂದರೆ ನಾವು ಗೋಡೆಗೆ ಸುಣ್ಣ ಬಳಿಯುತ್ತೇವೆ. ನೆಲ ಸಾರಿಸುತ್ತೇವೆ. ಯಾಕೆ? ಬರೀ ಚೆಂದಕ್ಕಲ್ಲ. ಸಾರಿಸದ ಮಣ್ಣಿನ ನೆಲ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇರುವೆ, ಹುಳ ಸೇರುತ್ತವೆ.

ನಮ್ಮ ಮೈಗೂ ಇಂಥದೇ ಒಂದು ಲೇಪ ಇದೆ. ಚರ್ಮದ ಮೇಲ್ಪದರ ಅದೇ. ಅಷ್ಟೇ ಅಲ್ಲ, ಬಾಯಿ, ಗಂಟಲು, ಕರುಳು, ಉಸಿರಿನ ಕೊಳವೆ, ಗರ್ಭಕೋಶ ಎಲ್ಲದರ ಒಳಗೋಡೆಗೂ ಈ ಲೇಪ ಇದೆ. ಶಾಲೆಯ ಪುಸ್ತಕದಲ್ಲಿ ಇದರ ಹೆಸರು ‘ಅನುಲೇಪಕ ಅಂಗಾಂಶ’. ದೊಡ್ಡ ಹೆಸರು. ಒಂದು ಸಲ ಕೂಡಿಸಿ ಓದಿ, ಆಮೇಲೆ ಬಿಡಿ. ನಾವು ‘ಹೊದಿಕೆ’ ಅಂತಲೇ ಕರೆಯೋಣ.

ಈ ಹೊದಿಕೆ ಆಗಿರುವುದು ಜೀವಕೋಶಗಳಿಂದ. ಕಣ್ಣಿಗೆ ಕಾಣದಷ್ಟು ಸಣ್ಣವು. ನೆಲಕ್ಕೆ ಕಲ್ಲು ಜೋಡಿಸಿದ ಹಾಗೆ ಒತ್ತೊತ್ತಾಗಿ ಅಂಟಿಕೊಂಡಿವೆ. ಇದರೊಳಗೆ ರಕ್ತನಾಳ ಇಲ್ಲ. ಅದಕ್ಕೇ ಮೇಲಷ್ಟೇ ತರಚಿದರೆ ರಕ್ತ ಬರುವುದಿಲ್ಲ. ಆಳಕ್ಕೆ ಇಳಿದರೆ ಮಾತ್ರ ಬರುತ್ತದೆ.

ಎಲ್ಲ ಕಡೆ ಇದು ಒಂದೇ ದಪ್ಪ ಇಲ್ಲ. ಅಂಗಾಲಿನಲ್ಲಿ ಹತ್ತಾರು ಪದರ. ಬರಿಗಾಲಲ್ಲಿ ಹೊಲಕ್ಕೆ ಹೋಗುವವರಿಗೆ ಇದು ಗೊತ್ತು. ಕರುಳಿನಲ್ಲಿ ಒಂದೇ ಪದರ. ಉಂಡ ಅನ್ನದ ಸಾರ ಅದನ್ನು ದಾಟಿ ರಕ್ತಕ್ಕೆ ಸೇರಬೇಕಲ್ಲ, ದಪ್ಪ ಇದ್ದರೆ ದಾಟುವುದು ಹೇಗೆ? ಉಸಿರಿನ ಕೊಳವೆಯಲ್ಲಿ ಹೊದಿಕೆಗೆ ಕೂದಲಿನಂಥ ಎಳೆಗಳಿವೆ. ಅವು ಪೊರಕೆಯ ಹಾಗೆ ಧೂಳು, ಕಫವನ್ನು ಮೇಲಕ್ಕೆ ಗುಡಿಸುತ್ತವೆ. ಒಲೆಯ ಹೊಗೆ ಈ ಪೊರಕೆಯನ್ನು ಕೆಡಿಸುತ್ತದೆ. ಆ ಮಾತು ಇನ್ನೊಂದು ದಿನಕ್ಕಿರಲಿ.

ಹೊದಿಕೆ ಸವೆಯುತ್ತಲೇ ಇರುತ್ತದೆ. ಅಡಿಯಲ್ಲಿ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಚರ್ಮದ ಮೇಲ್ಪದರ ಸುಮಾರು ಒಂದು ತಿಂಗಳಿಗೆ ಹೊಸದಾಗುತ್ತದೆ. ಕರುಳಿನದು ನಾಲ್ಕೈದು ದಿನಕ್ಕೇ. ಬಿಸಿ ಕಾಫಿ ಕುಡಿದು ಬಾಯಿ ಸುಟ್ಟರೆ ವಾರದೊಳಗೆ ವಾಸಿಯಾಗುತ್ತದೆ. ಯಾರೂ ಔಷಧಿ ಹಚ್ಚುವುದಿಲ್ಲ. ಮೈ ತನ್ನನ್ನು ತಾನೇ ಸಾರಿಸಿಕೊಳ್ಳುತ್ತದೆ.

ಆದರೆ ದಿನಾ ಅದೇ ಜಾಗ ಸುಟ್ಟರೆ?

ಇಲ್ಲೇ ನಾವು ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಎಷ್ಟೋ ಜನ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತೇವೆ. ಕೆಲವರಿಗೆ ಕಡ್ಡಿಪುಡಿ ಬೇಕು. ಕೆಲವರು ವಸಡಿಗೆ ನಶ್ಯ ಉಜ್ಜುತ್ತಾರೆ. ಕಳೆ ಕೀಳುವಾಗ ಹಸಿವು ತಿಳಿಯದಿರಲಿ ಅಂತ ಶುರುವಾದದ್ದು, ಆಮೇಲೆ ಬಿಡುವುದಿಲ್ಲ. ಒಂದೇ ಕೆನ್ನೆಯಲ್ಲಿ ಒತ್ತಿಟ್ಟುಕೊಂಡು ಮಲಗುವವರೂ ಇದ್ದಾರೆ. ಆ ಜಾಗದ ಹೊದಿಕೆಗೆ ಬಿಡುವೇ ಇಲ್ಲ. ಹೊಗೆಸೊಪ್ಪಿನ ವಿಷ ಕೋಶದ ಒಳಗೇ ಇಳಿಯುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಯಾವುದೋ ಒಂದು ಕೋಶ ಹದ ತಪ್ಪುತ್ತದೆ. ಲಂಗುಲಗಾಮಿಲ್ಲದೆ ಬೆಳೆಯುತ್ತದೆ. ಅದೇ ಬಾಯಿಯ ಕ್ಯಾನ್ಸರ್.

“ಮದುವೆ, ಸೀಮಂತದಲ್ಲಿ ತಾಂಬೂಲ ಕೊಡ್ತೀವಲ್ಲ, ಅದೂ ತಪ್ಪೇನ್ರವ್ವಾ?” ಅಂತ ಅಜ್ಜಿಯೊಬ್ಬರು ನಮ್ಮನ್ನು ಕೇಳಿದರು. ಕೊಡುವುದು ತಪ್ಪಲ್ಲ ಅಜ್ಜಿ. ಮಡಿಲಿಗೆ ಬಿದ್ದ ಅಡಿಕೆ ಬಾಯಿಗೆ ಹೋಗಲೇಬೇಕು ಅಂತೇನಿಲ್ಲವಲ್ಲ. ಹೊಗೆಸೊಪ್ಪು ಸೇರಿಸದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ತೋಟ ನಂಬಿದ ಮನೆಗಳಿಗೆ ಈ ಮಾತು ಕಹಿ. ಹೇಳಲು ನಮಗೂ ಸಂಕಟ. ಆದರೂ ಹೇಳದೆ ಇರುವುದು ಹೇಗೆ?

ಕರುಳಿನ ಹೊದಿಕೆ ನಮಗೆ ಕಾಣುವುದಿಲ್ಲ. ಬಾಯಿಯದು ಕಾಣುತ್ತದೆ. ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಕನ್ನಡಿ ಹಿಡಿದು ಬೆಳಕಿಗೆ ಬನ್ನಿ. ಕೆನ್ನೆ ಎಳೆದು ನೋಡಿ. ನಾಲಿಗೆ ಎತ್ತಿ ಅದರ ಅಡಿ ನೋಡಿ. ಒರೆಸಿದರೂ ಹೋಗದ ಬಿಳಿ ಕಲೆ ಇದೆಯಾ? ಕೆಂಪು ಕಲೆ? ಗಂಟು? ಎರಡು ವಾರವಾದರೂ ಮಾಯದ ಹುಣ್ಣು? ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯೊಳಗೆ ಹಿಡಿಸುತ್ತದೆಯಾ? ಹಿಡಿಸದಿದ್ದರೆ ಅದೂ ಒಂದು ಗುರುತು.

ನೋವಿಲ್ಲವಲ್ಲ ಅಂತ ಸುಮ್ಮನಿರಬೇಡಿ. ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ಜೊತೆಗೆ ಆಶಾ ಕಾರ್ಯಕರ್ತೆಯನ್ನು ಕರೆದುಕೊಳ್ಳಿ. ಕಲೆ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಂತ ಅಲ್ಲ. ಹೊಗೆಸೊಪ್ಪು ಬಿಟ್ಟರೆ ಎಷ್ಟೋ ಬಿಳಿ ಕಲೆಗಳು ತಾವಾಗಿ ಹೋಗುತ್ತವೆ. ಆದರೆ ಹೌದೋ ಅಲ್ಲವೋ ಅಂತ ಡಾಕ್ಟರೇ ನೋಡಿ ಹೇಳಬೇಕು.

ನಾವು ಇವತ್ತು ಒಂದು ಕನ್ನಡಿ ತಂದಿದ್ದೇವೆ. ಕಿಟಕಿ ಹತ್ತಿರ ಬನ್ನಿ. ನಾಚಿಕೆ ಬೇಡ, ಮೊದಲು ನಾವೇ ಬಾಯಿ ತೆರೆಯುತ್ತೇವೆ.