ಬೀಳುವುದನ್ನು ಬಲ್ಲ ಭಾಷೆ

ಹೋದ ಮಳೆಗಾಲದ ಒಂದು ರಾತ್ರಿ ಬನ್ನೂರಿನ ನಮ್ಮ ಬೀದಿಯ ವೃದ್ಧೆಯೊಬ್ಬರಿಗೆ ಎದೆನೋವು ಬಂತು. ಸೊಸೆ ಮೈಸೂರಿನಲ್ಲಿದ್ದ ಗಂಡನಿಗೆ ಸುದ್ದಿ ಹೇಳುತ್ತಿದ್ದಾಗ ಮೊಬೈಲ್ ಕರೆ ಎರಡು ಸಲ ಕಡಿದುಹೋಯಿತು. ಮೂರನೆಯ ಸಲ ಮಾತು ಮುಟ್ಟಿತು, ಕಾರು ಬಂತು, ಅಜ್ಜಿ ಉಳಿದರು. “ನಡುವೆ ಮಾತು ಯಾಕೆ ಕಡಿಯುತ್ತೆ ಮೇಷ್ಟ್ರೇ?” ಎಂದು ಆಮೇಲೆ ನನ್ನನ್ನು ಕೇಳಿದರು. ಈ ಕನ್ನಡ ಪಂಡಿತನಿಗೆ ತಿಳಿದಿರಲಿಲ್ಲ. ಬೆಂಗಳೂರಿನಲ್ಲಿರುವ ನನ್ನ ಹಳೆಯ ಶಿಷ್ಯನಿಂದ ಕೇಳಿ ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಟವರಿಗೆ ವಿದ್ಯುತ್ ತಪ್ಪಿದರೆ ಯಾವ ಭಾಷೆಯೂ ಏನೂ ಮಾಡಲಾರದು. ಆದರೆ ಒಂದು ಕರೆಯ ತೊಡಕು ಉಳಿದ ಸಾವಿರ ಕರೆಗಳನ್ನು ಕೆಡವದಂತೆ ನೋಡಿಕೊಳ್ಳಬಹುದು. ಆ ಕೆಲಸಕ್ಕೆಂದೇ ಹುಟ್ಟಿದ ಕಂಪ್ಯೂಟರ್ ಭಾಷೆಯ ಹೆಸರು ಎರ್ಲಾಂಗ್. 1986ರಲ್ಲಿ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಇದನ್ನು ಆರಂಭಿಸಿದರು. ರಾಬರ್ಟ್ ವಿರ್ಡಿಂಗ್, ಮೈಕ್ ವಿಲಿಯಮ್ಸ್ ಜೊತೆಗೂಡಿದರು. ಹೆಸರು ದೂರವಾಣಿಯ ದಟ್ಟಣೆಗೆ ಲೆಕ್ಕ ಕಟ್ಟಿದ ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗರದು. ಅದೇ 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ 128 ತಂತಿಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ ಕೆಲಸ ಆರಂಭಿಸಿತೆಂಬುದು ಕನ್ನಡಿಗರಿಗೆ ನೆನಪಿರಬೇಕಾದ ಸಂಗತಿ.

ಒಂದೇ ಹಾಜರಿ ಪುಸ್ತಕದಲ್ಲಿ ಹತ್ತು ಜನ ಉಪಾಧ್ಯಾಯರು ಒಮ್ಮೆಲೇ ಬರೆಯಹೊರಟರೆ ಏನಾದೀತು? ಎರ್ಲಾಂಗಿನಲ್ಲಿ ಹಾಗಿಲ್ಲ. ಪ್ರತಿಯೊಂದು ಕರೆಗೂ ಒಂದು ಪುಟ್ಟ ಕೆಲಸಗಾರ, ಅವನಿಗೆ ಅವನದೇ ಪುಸ್ತಕ, ಅವನದೇ ಅಂಚೆಪೆಟ್ಟಿಗೆ. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಹೇಳುವುದಿದ್ದರೆ ಓಲೆ ಕಳಿಸಬೇಕು. ಓಲೆ ಪಡೆಯುವವನು ಅದೇ ಯಂತ್ರದಲ್ಲಿರಲಿ, ದೂರದ ಇನ್ನೊಂದು ಯಂತ್ರದಲ್ಲಿರಲಿ, ಕಳಿಸುವ ರೀತಿ ಒಂದೇ. ಕೆಲಸಗಾರನೊಬ್ಬ ಎಡವಿದರೆ ಅವನನ್ನು ಅಲ್ಲಿಗೇ ಬಿಟ್ಟು, ಮೇಲ್ವಿಚಾರಕನು ಹೊಸಬನನ್ನು ನಿಲ್ಲಿಸುತ್ತಾನೆ. ರಜೆ ಹಾಕಿದ ಉಪಾಧ್ಯಾಯರ ತರಗತಿಗೆ ಹೆಡ್‌ಮಾಸ್ತರರು ಬೇರೊಬ್ಬರನ್ನು ಕಳಿಸುವುದಿಲ್ಲವೆ? ಪಕ್ಕದ ತರಗತಿಯಲ್ಲಿ ಪಾಠ ನಿಲ್ಲದು.

ವ್ಯಾಕರಣದವನಾದ ನನಗೆ ಇನ್ನೊಂದು ಹಿಡಿಸಿತು. ಈ ಭಾಷೆಯಲ್ಲಿ ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮಗಳಿಗೆ ಬೇರೆಬೇರೆ ಅಧಿಕಾರವುಂಟು. ಓಲೆ ಕಳಿಸುವ ಚಿಹ್ನೆಯಂತೂ ನಮ್ಮ ಆಶ್ಚರ್ಯಸೂಚಕವೇ! ಒಂದು ಹೆಸರಿಗೆ ಒಮ್ಮೆ ಬೆಲೆ ಕೊಟ್ಟರೆ ಮತ್ತೆ ಬದಲಿಸುವಂತಿಲ್ಲ. ನನ್ನ ಹುಡುಗರು ವಿರಾಮಚಿಹ್ನೆಗಳನ್ನು ಇಷ್ಟು ಲಕ್ಷ್ಯದಿಂದ ಹಾಕಿದ್ದರೆ ನನ್ನ ಕೆಂಪು ಶಾಯಿ ಎಷ್ಟೋ ಉಳಿಯುತ್ತಿತ್ತು.

1998ರಲ್ಲಿ ಎರಿಕ್ಸನ್ ಈ ಭಾಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ನೀವು ದಿನವೂ ಬಳಸುವ ವಾಟ್ಸಾಪಿನ ಬೆನ್ನೆಲುಬು ಇದರಲ್ಲೇ ಕಟ್ಟಿದ್ದು. ಒಂದೇ ಯಂತ್ರ 20 ಲಕ್ಷಕ್ಕೂ ಮಿಕ್ಕ ಸಂಪರ್ಕಗಳನ್ನು ಹಿಡಿದಿತೆಂದು ಆ ಸಂಸ್ಥೆ 2012ರಲ್ಲಿ ತಿಳಿಸಿತು. ಭಾರಿ ಲೆಕ್ಕಾಚಾರಕ್ಕೆ ಮಾತ್ರ ಇದು ಅಷ್ಟು ಚುರುಕಲ್ಲ.

ಇಷ್ಟನ್ನೂ ಅಜ್ಜಿಗೆ ವಿವರಿಸಿದೆ. ಸಾವಧಾನವಾಗಿ ಕೇಳಿ, “ಅದೆಲ್ಲ ಸರಿ ಮೇಷ್ಟ್ರೇ, ಮೊದಲು ಆ ಟವರಿಗೆ ಒಂದು ಒಳ್ಳೆಯ ಬ್ಯಾಟರಿ ಹಾಕಿಸಿ” ಎಂದರು. ಅರ್ಜಿ ಬರೆದುಕೊಟ್ಟಿದ್ದೇನೆ.