ಫಾಲ್ಸ್ ಎಂಬ ಊರು

ಊರಿನ ಹೆಸರು ಆ ಊರಿನ ಮೊದಲನೆಯ ಚರಿತ್ರೆ. ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಒಮ್ಮೆ ತಿರುಗಾಡಿ ಬಂದರೆ ಸಾಕು. ಹಟ್ಟಿ, ಗೇರಿ, ಕೊಪ್ಪ, ಊರು ಎಂದು ಮುಗಿಯುವ ಹೆಸರುಗಳು ಸಾಲುಗಟ್ಟಿ ನಿಲ್ಲುವುವು. ಮೂಡಲಗಿ ಎಂದೊಡನೆ ಮೂಡಣ ದಿಕ್ಕು ಕಿವಿಗೆ ಬೀಳುವುದು. ಗೋಕಾಕವನ್ನು ನಮ್ಮ ಜನ ಮಾತಿನಲ್ಲಿ ಗೋಕಾವಿ ಎನ್ನುವರು. ಗೋಕಿ ಎಂಬ ಗಿಡಗಳು ಬಹಳವಾಗಿದ್ದುದರಿಂದ ಆ ಹೆಸರು ಬಂದಿತೆಂದು ಹೇಳುವವರೂ ಉಂಟು, ಗೋವುಗಳ ನಾಡೆಂದು ಬಿಡಿಸುವವರೂ ಉಂಟು.

ಇಷ್ಟೆಲ್ಲ ಅಚ್ಚ ನಾಡ ಹೆಸರುಗಳ ನಡುವೆ ಒಂದು ಸಣ್ಣ ಊರು ಮಾತ್ರ ಇಂಗ್ಲಿಷ್ ಹೆಸರು ಹೊತ್ತು ಕುಳಿತಿದೆ. ಅದೇ ಗೋಕಾಕ ಫಾಲ್ಸ್. ಮೋಟಾರು ನಿಲ್ದಾಣದಲ್ಲಿ "ಫಾಲ್ಸಿಗೆ ಒಂದು ತಿಕೀಟ ಕೊಡ್ರಿ" ಎಂದು ಕೇಳುವ ಅಜ್ಜಿಗೆ ತಾನು ಇಂಗ್ಲಿಷ್ ಮಾತನಾಡುತ್ತಿರುವೆನೆಂಬ ಅರಿವೇ ಇರುವುದಿಲ್ಲ. ಅಬ್ಬಿ, ಜೋಗ ಎಂಬ ಚೆಲುವಾದ ಮಾತುಗಳು ಕನ್ನಡಕ್ಕೆ ಇದ್ದರೂ ಇಲ್ಲಿ ನಿಂತುದು ಫಾಲ್ಸ್ ಎಂಬ ಮಾತೇ. ಅದಕ್ಕೆ ಕಾರಣವೂ ಇದೆ. ನೀರಿನ ಧುಮುಕು ಯುಗಯುಗಗಳಿಂದ ಇದ್ದುದು. ಆದರೆ ಈಗಿನ ಊರು ಬೆಳೆದುದು ಗಿರಣಿ ಬಂದ ಮೇಲೆ. ಗಿರಣಿಯನ್ನು ತಂದವರು ಊರಿಗೆ ಹೆಸರನ್ನೂ ತಂದರು.

ಇಂದು ಈ ಚಿಕ್ಕ ಊರಿನ ನೆಲ, ನೀರು ಮತ್ತು ಗುರುತುಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ತಮ್ಮಲ್ಲಿ ಬಹಳ ಮಂದಿ ಮಳೆಗಾಲದಲ್ಲಿ ಅಲ್ಲಿಗೆ ಹೋಗಿ, ನೀರು ನೋಡಿ, ಬರುವಾಗ ಗೋಕಾಕದ ಕರದಂಟು ಕಟ್ಟಿಸಿಕೊಂಡು ಬಂದಿರಬಹುದು. ಆದರೆ ನೀರು ನೋಡುವುದು ಬೇರೆ, ಊರು ನೋಡುವುದು ಬೇರೆ.

ಮೊದಲು ನದಿಯ ಮಾತು. ಘಟಪ್ರಭೆ ಸಹ್ಯಾದ್ರಿಯಲ್ಲಿ ಹುಟ್ಟಿ, ಸುಮಾರು 283 ಕಿಲೋಮೀಟರು ಹರಿದು, ಬಾಗಲಕೋಟೆ ಜಿಲ್ಲೆಯ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟು ಅವಳನ್ನು ತಡೆಯುತ್ತದೆ. ಅದರ ಕೆಳಗೆ ಸಂಕೇಶ್ವರದ ಕಡೆಯಿಂದ ಬರುವ ಹಿರಣ್ಯಕೇಶಿ ಬಂದು ಸೇರುತ್ತಾಳೆ. ಧೂಪದಾಳದಲ್ಲಿ ಹಳೆಯ ಒಡ್ಡು. ಅದನ್ನು ದಾಟಿದ ಮೇಲೆ ನಮ್ಮ ಫಾಲ್ಸ್. ಅಲ್ಲಿಂದ ಸುಮಾರು 6 ಕಿಲೋಮೀಟರಿಗೆ ಗೋಕಾಕ ಪಟ್ಟಣ. ಗೊಡಚಿನಮಲ್ಕಿಯಲ್ಲಿ ತಾನೂ ಒಂದು ಧುಮುಕು ಹಾಕಿ ಬರುವ ಮಾರ್ಕಂಡೇಯ ನದಿ ಗೋಕಾಕದ ಬಳಿ ಘಟಪ್ರಭೆಯ ಕೈಹಿಡಿಯುತ್ತದೆ. ಆಮೇಲೆ ನದಿ ಮೂಡಲಗಿಯ ಸೀಮೆಯತ್ತ ಬಯಲಿಗೆ ಇಳಿಯುತ್ತದೆ.

ನದಿ ಇಲ್ಲಿಯೇ ಏಕೆ ಬೀಳಬೇಕು? ಉತ್ತರ ಕಲ್ಲಿನಲ್ಲಿದೆ. ಬೆಳಗಾವಿಯ ಕಡೆಯ ಬಹಳಷ್ಟು ನೆಲ ದಖ್ಖನಿನ ಕಪ್ಪು ಕಲ್ಲಿನದು. ಗೋಕಾಕದ ಸುತ್ತ ಮಾತ್ರ ಮರಳುಗಲ್ಲು ಮೇಲೆದ್ದು ನಿಂತಿದೆ. ಕಲಾದಗಿಯ ಹೆಸರಿನಿಂದ ಕರೆಯುವ ಈ ಶಿಲಾಸಮೂಹ ನೂರು ಕೋಟಿ ವರ್ಷಗಳಿಗೂ ಹಿಂದಿನದು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ಇದರ ವಿಷಯವಾಗಿ ದೊಡ್ಡ ಗ್ರಂಥವನ್ನೇ ಬರೆದನು. ಹಾಸು ಹಾಸಾಗಿ ಮಲಗಿರುವ ಈ ಗಟ್ಟಿ ಕಲ್ಲನ್ನು ನೀರು ತಿಕ್ಕಿ ಸವೆಸಲಾರದೆ ಅಂಚಿನಿಂದ ನೆಟ್ಟಗೆ ಕೆಳಗೆ ಹಾರುತ್ತದೆ. ಕಣಿವೆಯ ಗೋಡೆಯನ್ನು ದೂರದಿಂದ ನೋಡಿದರೆ, ಒಂದರ ಮೇಲೊಂದು ಒಟ್ಟಿದ ಹಳೆಯ ಕಡತಗಳಂತೆ ಪದರಗಳು ಕಾಣುವುವು.

ಪಾತದ ಎತ್ತರ 171 ಅಡಿ, ಎಂದರೆ 52 ಮೀಟರು. ತಲೆಯ ಅಂಚು ಕುದುರೆಯ ಲಾಳದಂತೆ ಬಾಗಿದೆ. ಹೊಳೆ ತುಂಬಿ ಬಂದಾಗ ಅದರ ಅಗಲ 177 ಮೀಟರಿನವರೆಗೂ ಹರಡುತ್ತದೆ. ಆಕಾರದ ಈ ಸಾಮ್ಯದಿಂದಲೇ ಇದನ್ನು ಸಣ್ಣ ನಯಾಗರ ಎಂದು ಕರೆಯುವ ರೂಢಿ ಬಂದಿದೆ. ವಿಜ್ಞಾನ ಕಲಿಸುವ ನಮ್ಮ ಮಾಸ್ತರರೊಬ್ಬರು ಮಕ್ಕಳಿಗೆ ಇದರ ಮೇಲೆ ಒಂದು ಲೆಕ್ಕ ಹಾಕಿಸುತ್ತಿದ್ದರು. ಗಾಳಿಯ ತಡೆಯನ್ನು ಬಿಟ್ಟರೆ, ಅಂಚು ಬಿಟ್ಟ ಒಂದು ಹನಿ ತಳ ಮುಟ್ಟಲು ಮೂರು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುವುದು. ತಳ ಮುಟ್ಟುವಾಗ ಅದರ ವೇಗ ತಾಸಿಗೆ 110 ಕಿಲೋಮೀಟರನ್ನು ಮೀರಿರುವುದು. ಲೆಕ್ಕ ಬಿಡಿಸಿದ ಮೇಲೆ ಹುಡುಗರು ಅಂಚಿನ ಕಲ್ಲಿನ ಹತ್ತಿರ ಹೋಗುವ ಗೋಜಿಗೇ ಬೀಳುತ್ತಿರಲಿಲ್ಲ. ಪಾವಸೆ ಹಿಡಿದ ಆ ಬಂಡೆಗಳ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುವ ಇಂದಿನ ತರುಣರಿಗೂ ಆ ಲೆಕ್ಕವನ್ನು ಹೇಳಿಕೊಡಬೇಕಾಗಿದೆ.

ಇನ್ನು ಊರಿನ ಗುರುತುಗಳಿಗೆ ಬರೋಣ. ಇವುಗಳಲ್ಲಿ ಎಲ್ಲಕ್ಕಿಂತ ಹಳೆಯವು ನೆರೆಯ ಕೊಣ್ಣೂರಿನ ಸುತ್ತ ಇರುವ ಕಲ್ಲುಗೋರಿಗಳು. ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಇವನ್ನು ಜನರು ಪಾಂಡವರ ಮನೆಗಳೆಂದು ಕರೆಯುವರು. ಪಾಂಡವರು ಇಲ್ಲಿ ವಾಸವಾಗಿದ್ದರೆಂಬುದು ಭಕ್ತಿಯ ಮಾತು; ಬರವಣಿಗೆ ಹುಟ್ಟುವುದಕ್ಕೂ ಮೊದಲಿನ ಜನರು ತಮ್ಮ ಸತ್ತವರನ್ನು ಮರ್ಯಾದೆಯಿಂದ ಇಟ್ಟ ಜಾಗಗಳಿವು ಎಂಬುದು ಶೋಧಕರ ಮಾತು. ಚಪ್ಪಡಿಯಾಗಿ ಏಳುವ ಕಲ್ಲು ಇಲ್ಲಿ ಹೇರಳವಾಗಿದ್ದುದರಿಂದ ಅವರಿಗೆ ಇದು ಸುಲಭವಾಯಿತು. ದುರ್ದೈವವೆಂದರೆ, ಅವರಿಗೆ ಸುಲಭವಾಗಿ ಸಿಕ್ಕ ಕಲ್ಲು ಆಮೇಲಿನವರಿಗೂ ಸುಲಭವಾಗಿ ಸಿಕ್ಕುತ್ತದೆ. ಕಟ್ಟಿ, ಬದು, ಹಿತ್ತಲ ಗೋಡೆಗಳಿಗೆ ಇಂಥ ಚಪ್ಪಡಿ ಹೋದರೆ ಕೇಳುವವರು ಯಾರು?

ಎರಡನೆಯ ಗುರುತು ಪಾತದ ಬದಿಯ ಗುಡಿಗಳು. ಮಹಾಲಿಂಗೇಶ್ವರ, ಷಣ್ಮುಖ, ದುರ್ಗೆ — ಇವು ಚಾಲುಕ್ಯರ ಕಾಲದ ಕಟ್ಟೋಣಗಳು. ಅದೇ ಮರಳುಗಲ್ಲನ್ನು ಕಡಿದು ಕಂಬ ನಿಲ್ಲಿಸಿದ್ದಾರೆ. ಸವದತ್ತಿಯ ರಟ್ಟರು ಕೂಂಡಿ ಮೂರುಸಾವಿರವೆಂಬ ನಾಡನ್ನು ಆಳುತ್ತಿದ್ದ ಕಾಲಕ್ಕೆ ಈ ಸೀಮೆ ಅವರ ಕೈಯಲ್ಲಿತ್ತು. ಇಲ್ಲಿಗೆ ದೂರವಲ್ಲದ ಕಲ್ಲೋಳಿಯಲ್ಲಿ ರಟ್ಟ ಕಾರ್ತವೀರ್ಯನ ಕಾಲದ, 1204ರ ಜೈನ ಶಾಸನವೊಂದಿದೆ. ಹೊಳೆಯ ದಂಡೆಯಲ್ಲಿ ಶಿವಾಲಯ, ಊರೊಳಗೆ ಬಸದಿ. ಇದು ಅಂದಿನ ನಾಡಿನ ನಡೆ. ಗುಡಿಗೆ ಹೋದವರು ದೇವರಿಗೆ ಕೈಮುಗಿದ ಮೇಲೆ ಒಂದು ಗಳಿಗೆ ಕಂಬದ ಕಡೆಗೂ ನೋಡಬೇಕು.

ಮೂರನೆಯ ಗುರುತು ಗಿರಣಿ. ಫೋರ್ಬ್ಸ್ ಕಂಪನಿಯವರು 1885ರಲ್ಲಿ ಇಲ್ಲಿ ಹತ್ತಿಯ ನೂಲಿನ ಗಿರಣಿಯನ್ನು ಸ್ಥಾಪಿಸಿದರು. 1887ರಲ್ಲಿ ಕೆಲಸ ಆರಂಭವಾಯಿತು. ಎರೆಯ ಹೊಲಗಳ ಹತ್ತಿ ಸುತ್ತಲೂ ಇತ್ತು. ಚಕ್ರ ತಿರುಗಿಸಲು ಬೀಳುವ ನೀರಿತ್ತು. ನೀರನ್ನು ಕೊಳವೆಗಳಲ್ಲಿ ಕಣಿವೆಯ ತಳಕ್ಕೆ ಇಳಿಸಿ ಅದರ ಬಲದಿಂದ ಯಂತ್ರ ನಡೆಸಿದರು. ದೇಶದಲ್ಲೇ ಮೊದಲು ನೀರಿನಿಂದ ವಿದ್ಯುತ್ತು ಹುಟ್ಟಿದುದು 1887ರಲ್ಲಿ ಇಲ್ಲಿಯೇ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಆದರೆ ಸಾಮಾನ್ಯವಾಗಿ ಪುಸ್ತಕಗಳು ಆ ಹಿರಿಮೆಯನ್ನು ಡಾರ್ಜಿಲಿಂಗಿನ ಬಳಿಯ 1897ರ ಕೇಂದ್ರಕ್ಕೆ ಕೊಡುತ್ತವೆ. 1902ರ ನಮ್ಮ ಶಿವನಸಮುದ್ರ ಅದರ ನಂತರದ್ದು. ವಾದ ಏನೇ ಇರಲಿ, ಬೀಳುವ ನೀರನ್ನು ದುಡಿಮೆಗೆ ಹಚ್ಚಿದ ಹಳೆಯ ತಾಣಗಳಲ್ಲಿ ನಮ್ಮ ಊರು ಒಂದು. ಅಷ್ಟೇ ಹೇಳಿದರೂ ಅಭಿಮಾನಕ್ಕೆ ಕೊರತೆಯಿಲ್ಲ.

ನಾಲ್ಕನೆಯ ಗುರುತು ತೂಗುಸೇತುವೆ. 659 ಅಡಿ ಉದ್ದ; ಹೊಳೆಯ ಬಂಡೆಯಿಂದ 46 ಅಡಿ ಎತ್ತರ. ಪಾತದ ನೆತ್ತಿಯ ಬಳಿ ಎರಡು ದಂಡೆಗಳನ್ನು ಕೂಡಿಸುವ ಈ ಸೇತುವೆ ನೋಡುವವರಿಗೆ ವಿನೋದ. ದಂಡೆಯ ಹಳ್ಳಿಗಳಿಂದ ಪಾಳಿಗೆ ಬರುತ್ತಿದ್ದವರಿಗೆ ಅದು ಹೊಟ್ಟೆಯ ದಾರಿ. ಬುತ್ತಿ ಹಿಡಿದು ದಾಟಿದ ಕಾಲುಗಳೆಷ್ಟೋ! ಕಬ್ಬಿಣದ ಆ ಹಗ್ಗಗಳಿಗೆ ನಿಜವಾದ ಬೆಲೆ ಬಂದುದು ಅವರಿಂದ.

ಇಂಥ ಊರು ಲೋಕದಲ್ಲಿ ಇದೊಂದೇ ಅಲ್ಲ. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಕ್ರಾಮ್‌ಫರ್ಡ್ ಎಂಬ ಹಳ್ಳಿಯಿದೆ. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಎಂಬಾತ ಅಲ್ಲಿ ನೀರಿನಿಂದ ನಡೆಯುವ ಹತ್ತಿ ನೂಲುವ ಗಿರಣಿಯನ್ನು ಕಟ್ಟಿದನು. ಹತ್ತಿ ಬೆಳೆಯದ ನಾಡಿನಲ್ಲಿ ನೂಲಿನ ಊರು! 1776ರಲ್ಲಿ ಕೆಲಸಗಾರರಿಗೆಂದು ಮೂರಂತಸ್ತಿನ ಮನೆಗಳ ಸಾಲನ್ನೇ ಕಟ್ಟಿಸಿದನು. ಮೇಲಿನ ಅಂತಸ್ತಿನಲ್ಲಿ ಮಗ್ಗಕ್ಕೆ ಜಾಗ. ಮುಂದೆ ಸಂತೆಯ ಚೌಕ, ಛತ್ರ, ಇಗರ್ಜಿಗಳು ಬಂದುವು. ಗಿರಣಿಯ ಕೆಲಸ ನಿಂತು, ಕಟ್ಟಡ ಬೇರೆಯವರ ಕೈಸೇರಿ ಬಣ್ಣದ ಕಾರಖಾನೆಯಾಗಿ ಹಾಳಾಯಿತು. ಆಗ ಅಲ್ಲಿನವರು ಒಂದು ಸಂಘ ಕಟ್ಟಿ, 1979ರಲ್ಲಿ ಅದನ್ನು ಕೊಂಡು, ವರ್ಷಗಟ್ಟಲೆ ಶುಚಿ ಮಾಡಿದರು. 2001ರಲ್ಲಿ ಆ ಕಣಿವೆಯ ಗಿರಣಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅಲ್ಲಿ ಇಷ್ಟು ದೊಡ್ಡ ಪಾತವೂ ಇಲ್ಲ, ಚಾಲುಕ್ಯರ ಗುಡಿಯೂ ಇಲ್ಲ, ಕಲ್ಲುಗೋರಿಯ ಸಾಲೂ ಇಲ್ಲ. ಇರುವುದನ್ನು ಬಲ್ಲ ಜನ ಇದ್ದರು, ಅಷ್ಟೇ.

ನಮ್ಮಲ್ಲಿ ನೀರಿನದೇ ಒಂದು ದೊಡ್ಡ ಕಥೆ. 1897ರ ಧೂಪದಾಳದ ಒಡ್ಡಿನಿಂದ ಎಡದಂಡೆಯ ಕಾಲುವೆ ಹೊರಟಿತು. ಮಡ್ಡಿ, ಮಸಾರಿಗಳಲ್ಲಿ ಕಬ್ಬು ತಲೆಯೆತ್ತಿತು. ಒಡ್ಡಿನ ನಿಂತ ನೀರಿಗೆ ಚಳಿಗಾಲದಲ್ಲಿ ದೂರ ದೇಶಗಳ ಕೊಕ್ಕರೆ, ಕ್ರೌಂಚಗಳು ಬರತೊಡಗಿದುವು; 1974ರಲ್ಲಿ ಅದು ಘಟಪ್ರಭಾ ಪಕ್ಷಿಧಾಮವಾಯಿತು. 1977ರಲ್ಲಿ 51 ಟಿ.ಎಂ.ಸಿ. ನೀರು ಹಿಡಿಯುವ ಹಿಡಕಲ್ ಜಲಾಶಯ ಮುಗಿಯಿತು. ರಾಜಾ ಲಖಮಗೌಡರ ಹೆಸರು ಅದಕ್ಕಿದೆ. ಅಂದಿನಿಂದ ಫಾಲ್ಸಿನ ನೀರು ಮೋಡದ ಮಾತನ್ನು ಎಷ್ಟು ಕೇಳುವುದೋ ಬಾಗಿಲು ತೆರೆಯುವವರ ಮಾತನ್ನೂ ಅಷ್ಟೇ ಕೇಳುವುದು. ಬೇಸಿಗೆಯಲ್ಲಿ ಹೋದವರು ಬರಿಯ ಬಂಡೆ ಕಂಡು ನಿರಾಶರಾಗುವರು. ಆ ನೀರು ಎಲ್ಲಿಗೆ ಹೋಯಿತೆಂದು ತಿಳಿಯಬೇಕಾದರೆ ಕಾಲುವೆಯ ಕೆಳಗಿನ ಹಸಿರು ಹೊಲಗಳನ್ನು ನೋಡಬೇಕು. ಆದರೆ ಕಾಲುವೆ ಕೊಟ್ಟುದೆಲ್ಲ ಬರಿ ಲಾಭವಲ್ಲ. ನೀರು ಅತಿಯಾದ ಕಡೆ ನೆಲ ಸವಳು ಹಿಡಿದ ಉದಾಹರಣೆಗಳೂ ಉಂಟು.

ನೀರಿಗಾಗಿ ಊರು ಕೊಟ್ಟವರನ್ನೂ ಮರೆಯಬಾರದು. ಹಿಡಕಲ್ಲಿನ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲನ ಗುಡಿ ಮುಳುಗಿ ನಿಂತಿದೆ. ನೀರು ಇಳಿದ ಬೇಸಿಗೆಗಳಲ್ಲಿ ಅದು ಮೇಲೆ ಕಾಣುವುದು; ಜನ ಹೋಗಿ ದರ್ಶನ ಮಾಡುವರು. ಗುಡಿ ಕಾಣುತ್ತದೆ, ಅದರ ಸುತ್ತಲಿನ ಓಣಿ, ಬಾವಿ, ಕಟ್ಟೆಗಳ ಹೆಸರು ಹಿರಿಯರ ಬಾಯಲ್ಲಿ ಮಾತ್ರ ಉಳಿದಿರುತ್ತದೆ. ಆ ಹಿರಿಯರೂ ಹೋದರೆ? ಇನ್ನೊಂದು ಪಾಠ 2019ರ ಆಗಸ್ಟಿನದು. ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿ ಒಟ್ಟಿಗೆ ಉಕ್ಕಿ ಗೋಕಾಕದ ಓಣಿಗಳಿಗೆ ನುಗ್ಗಿದುವು. ಲೋಳಸೂರಿನ ಸೇತುವೆ ನೀರಿನಡಿಯಾಯಿತು. ಅಂಥ ಹೊತ್ತಿನಲ್ಲಿ ತಗ್ಗು ಯಾವುದು, ದಿಬ್ಬ ಯಾವುದು, ಹಳೆಯ ಹಳ್ಳದ ದಾರಿ ಯಾವುದು ಎಂಬ ಅರಿವು ಜೀವ ಉಳಿಸುವ ಅರಿವು. ಊರಿನ ಭೂಗೋಳ ಪರೀಕ್ಷೆಯ ಅಂಕಗಳಿಗಾಗಿ ಇರುವುದಲ್ಲ.

ನಮ್ಮ ಮಕ್ಕಳಿಗೆ ನೈಲ್ ನದಿಯ ಉದ್ದ ಗೊತ್ತು. ತಮ್ಮ ಊರ ಹಳ್ಳ ಯಾವ ಹೊಳೆಗೆ ಸೇರುವುದೆಂದು ಕೇಳಿದರೆ ತಲೆ ತುರಿಸಿಕೊಳ್ಳುವರು. ಇದು ಮಕ್ಕಳ ತಪ್ಪಲ್ಲ. ಕೇಳುವವರು ಕೇಳಲಿಲ್ಲ, ಹೇಳುವವರು ಹೇಳಲಿಲ್ಲ. ತಮ್ಮಲ್ಲಿ ನನ್ನದೊಂದು ಬಿನ್ನಹ. ಮುಂದಿನ ಬಿಡುವಿನಲ್ಲಿ ಮನೆಯ ಮಕ್ಕಳ ಕೈಗೆ ಒಂದು ಹಾಳೆ ಕೊಡಿರಿ. ಊರಿನ ಕೆರೆ, ಬಾವಿ, ಗುಡಿ, ದರ್ಗಾ, ವೀರಗಲ್ಲು, ದೊಡ್ಡ ಗಿಡ, ಹೊಲಗಳ ಹೆಸರು ಎಲ್ಲವನ್ನೂ ಅಜ್ಜ ಅಜ್ಜಿಯರನ್ನು ಕೇಳಿ ಅದರಲ್ಲಿ ಬರೆಯಲಿ. ಕೆಳಗೆ ಹೇಳಿದವರ ಹೆಸರು, ತಾರೀಖು ಇರಲಿ. ಶಾಲೆಯ ಕಪಾಟಿನಲ್ಲಿ ಅಂಥ ಹಾಳೆಗಳ ಒಂದು ಕಟ್ಟು ಇದ್ದರೆ ಸಾಕು, ಊರಿಗೊಂದು ಶಾಸನ ಬರೆದಂತೆ.

ಫಾಲ್ಸಿಗೂ ಮತ್ತೊಮ್ಮೆ ಹೋಗಿ ಬನ್ನಿರಿ. ಆದರೆ ಈ ಸಲ ಅರ್ಧ ದಿನದ ಬದಲು ಒಂದು ದಿನ ಇಟ್ಟುಕೊಳ್ಳಿರಿ. ಮುಂಜಾನೆ ಧೂಪದಾಳದ ಒಡ್ಡು ಮತ್ತು ಹಕ್ಕಿಗಳು. ಅಲ್ಲಿಂದ ಕೊಣ್ಣೂರಿನ ಕಲ್ಲುಗೋರಿಗಳು. ಮಧ್ಯಾಹ್ನ ಗುಡಿಯ ನೆರಳಿನಲ್ಲಿ ಬುತ್ತಿ. ಇಳಿಹೊತ್ತಿಗೆ ದೂರದಲ್ಲಿ ನಿಂತು ಪಾತ. ಬುತ್ತಿಯ ಕಾಗದವನ್ನು ಮರಳಿ ಚೀಲದಲ್ಲಿಯೇ ತನ್ನಿರಿ. ಹೆಸರು ಫಾಲ್ಸ್ ಎಂದೇ ಇರಲಿ, ಅಡ್ಡಿಯಿಲ್ಲ. ಅಜ್ಜಿಯ ಬಾಯಲ್ಲಿ ಪಳಗಿದ ಮೇಲೆ ಅದೂ ಕನ್ನಡವೇ. ಆ ಹೆಸರಿನೊಳಗೆ ಏನೇನಿದೆ ಎಂಬುದನ್ನು ಮಾತ್ರ ನಾವು ಮರೆಯದಿರೋಣ.