ಟ್ರಾಲಿಗೆ ತಕ್ಕ ಟ್ರ್ಯಾಕ್ಟರ್



ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಭೀಮಾ ತೀರದ ನಮ್ಮ ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಕೊಳ್ಳುವ ಮಾತು ಶುರುವಾಗುತ್ತದೆ. ಹೊಲದ ಕೆಲಸವೂ ಆಯಿತು, ಕಾರ್ಖಾನೆಗೆ ಕಬ್ಬು ಸಾಗಿಸಿ ಸಾಲದ ಕಂತೂ ಕಟ್ಟಿದಂತಾಯಿತು ಎಂಬ ಲೆಕ್ಕ. ಅಂಗಡಿಗೆ ಹೋದಾಗ ನೀವು ಕೇಳುವ ಮೊದಲ ಪ್ರಶ್ನೆ, "ಇದು ಎಷ್ಟು ಟನ್ ಎಳೀತದ್ರಿ?" ಮಾರುವವರೂ ಅದಕ್ಕೇ ಉತ್ತರ ಕೊಡುತ್ತಾರೆ. ಆದರೆ ಟ್ರಾಲಿ ಕಟ್ಟುವ ಟ್ರ್ಯಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳು ಮೂರು. ಎಷ್ಟು ಎಳೆಯುತ್ತದೆ, ಎಷ್ಟು ಹೊರುತ್ತದೆ, ಎಷ್ಟನ್ನು ತಡೆದು ನಿಲ್ಲಿಸುತ್ತದೆ. ಜೀವಕ್ಕೆ ಸಂಬಂಧಿಸಿದವು ಕೊನೆಯ ಎರಡು. ಇಂದು ಅವುಗಳ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಮೊದಲು ಎಳೆಯುವ ಮಾತು. ಎರಡು ಗಾಲಿಯ ಒಂದು ಟ್ರಾಲಿ ಇದೆ ಎಂದಿಟ್ಟುಕೊಳ್ಳಿ. ಖಾಲಿ ತೂಕ ಒಂದೂವರೆ ಟನ್, ಮೇಲೆ ಆರು ಟನ್ ಕಬ್ಬು, ಒಟ್ಟು ಏಳೂವರೆ ಟನ್. ಸಪಾಟಾದ ಡಾಂಬರು ರಸ್ತೆಯಲ್ಲಿ ಇದನ್ನು ಉರುಳಿಸಿಕೊಂಡು ಹೋಗಲು ಬೇಕಾಗುವ ಎಳೆತ ಸುಮಾರು 150ರಿಂದ 200 ಕಿಲೊ ಮಾತ್ರ. ಸಣ್ಣ ಗೇರಿನಲ್ಲಿ 35 ಎಚ್.ಪಿ. ಟ್ರ್ಯಾಕ್ಟರೂ ಇದನ್ನು ಎಳೆದೀತು. ಆದ್ದರಿಂದ ರಸ್ತೆಯ ಮೇಲೆ ಎಳೆದು ತೋರಿಸಿದರು ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲ. ಅದೇ ಟ್ರಾಲಿ ಹತ್ತು ಅಡಿಗೆ ಒಂದು ಅಡಿ ಏರುವ ಹಳ್ಳದ ದಂಡೆಗೆ ಬಂದಾಗ ಇನ್ನೂ 750 ಕಿಲೊ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಅದೇ ದಂಡೆಯನ್ನು ಇಳಿಯುವಾಗ ಆ 750 ಕಿಲೊ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ಟ್ರ್ಯಾಕ್ಟರಿನ ನಿಜವಾದ ಪರೀಕ್ಷೆ ಅಲ್ಲಿದೆ.

ಇನ್ನು ಹೊರುವ ಮಾತು. ಚಕ್ಕಡಿ ಹೂಡಿದವರಿಗೆ ಇದು ಹೊಸದಲ್ಲ. ಹೇರು ಮುಂದಕ್ಕೆ ಬಿದ್ದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಬಿದ್ದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ. ಅದಕ್ಕೇ ಹಿರಿಯರು ಹೇರುವಾಗ ಮೂಕಿ ಎತ್ತಿ ನೋಡಿ ಭಾರ ಹದ ಮಾಡುತ್ತಿದ್ದರು. ಎರಡು ಗಾಲಿಯ ಟ್ರಾಲಿಯೂ ಚಕ್ಕಡಿಯೇ. ನಮ್ಮ ಉದಾಹರಣೆಯ ಟ್ರಾಲಿಯಲ್ಲಿ ಅಚ್ಚಿನಿಂದ ಕೊಂಡಿಗೆ ಮೂರು ಮೀಟರ್ ಇದ್ದು, ಒಟ್ಟು ಭಾರದ ಮಧ್ಯ ಅಚ್ಚಿಗಿಂತ ಕೇವಲ ಒಂದು ಅಡಿ ಮುಂದೆ ಬಿದ್ದರೆ, ಹತ್ತನೆಯ ಒಂದು ಪಾಲು, ಅಂದರೆ ಸುಮಾರು 750 ಕಿಲೊ, ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಕೂರುತ್ತದೆ.

ಕೊಂಡಿ ಇರುವುದು ಹಿಂದಿನ ಗಾಲಿಗಳ ಅಚ್ಚಿಗಿಂತಲೂ ಹಿಂದೆ. ಹೀಗಾಗಿ ತಕ್ಕಡಿಯ ಹಾಗೆ ಹಿಂದೆ ಒತ್ತಿದರೆ ಮುಂದೆ ಏಳುತ್ತದೆ. ಎರಡು ಮೀಟರ್ ಉದ್ದದ ಗಾಲಿ ಅಂತರವಿದ್ದು ಕೊಂಡಿ ಅಚ್ಚಿನಿಂದ ಎರಡು ಅಡಿ ಚಿಲ್ಲರೆ ಹಿಂದಿದ್ದರೆ, ಆ 750 ಕಿಲೊ ಭಾರ ಮುಂದಿನ ಗಾಲಿಗಳಿಂದ ಸುಮಾರು 260 ಕಿಲೊ ಎತ್ತಿಬಿಡುತ್ತದೆ. ಎರಡು ಟನ್ನಿನ ಟ್ರ್ಯಾಕ್ಟರಿನಲ್ಲಿ ಮುಂದಿನ ಗಾಲಿಗಳ ಮೇಲಿರುವುದೇ ಏಳುನೂರು, ಎಂಟುನೂರು ಕಿಲೊ. ಅದರಲ್ಲಿ ಮೂರನೆಯ ಒಂದು ಪಾಲು ಹೋಯಿತು. ಏರು ಹತ್ತುವಾಗ ಇನ್ನಷ್ಟು ಹೋಗುತ್ತದೆ. ಆಗ ಸ್ಟೇರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ತಿರುಗುವುದಿಲ್ಲ. ಕೊಂಡಿಯನ್ನು ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿದ್ದರೆ ಟ್ರ್ಯಾಕ್ಟರ್ ಮುಂಗಾಲೆತ್ತಿ ಚಾಲಕನ ಮೇಲೆಯೇ ಮಗುಚಬಹುದು. ಟಾಪ್ ಲಿಂಕ್ ಕಟ್ಟುವ ಜಾಗಕ್ಕೆ ಟ್ರಾಲಿಯನ್ನು ಎಂದೂ ಕಟ್ಟಬೇಡಿ. ತಯಾರಕರು ಎಳೆಯಲೆಂದು ಕೊಟ್ಟ ತಗ್ಗಿನ ಕೊಂಡಿಗೇ ಕಟ್ಟಿ.

ಇದು ನಮ್ಮ ಊರಿನ ತೊಡಕು ಮಾತ್ರವಲ್ಲ. ಅಮೆರಿಕದಲ್ಲಿ ಗಾಲಿ ಹಚ್ಚಿದ ಮನೆಯನ್ನು ಪಿಕಪ್ ಗಾಡಿಗೆ ಕಟ್ಟಿಕೊಂಡು ಊರೂರು ತಿರುಗುವವರಿದ್ದಾರೆ. ಅದರಲ್ಲಿ ಒಂದು ಜಾತಿಗೆ ಅಲ್ಲಿ 'ಐದನೆಯ ಗಾಲಿ' ಎಂದೇ ಹೆಸರು. ಹಿಂದಿನ ಕಾಲದ ನಾಲ್ಕು ಗಾಲಿಯ ಕುದುರೆ ಗಾಡಿಯಲ್ಲಿ ಮುಂದಿನ ಅಚ್ಚು ತಿರುಗಲೆಂದು ಅಡ್ಡಡ್ಡ ಕೂಡಿಸಿದ ಕಬ್ಬಿಣದ ಬಳೆಗೆ ಆ ಹೆಸರಿತ್ತು. ನಮ್ಮ ಹೆದ್ದಾರಿಯ ಟ್ರೇಲರ್ ಲಾರಿಗಳಲ್ಲಿ ಹಿಂದಿನ ಭಾಗ ಬಂದು ಕೂರುವ ದುಂಡು ತಟ್ಟೆಗೂ ಅದೇ ಹೆಸರು. ಅಂಥ ಮನೆಯ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 15ರಿಂದ 25 ಪಾಲು ಪಿಕಪ್ಪಿನ ಬೆನ್ನ ಮೇಲೆ ಬೀಳುತ್ತದೆ. ಮುಂದಿನ ಗಾಲಿ ಏಳಬಾರದೆಂದು ಆ ಭಾರವನ್ನು ಹಿಂದಿನ ಅಚ್ಚಿನ ನೇರಕ್ಕೆ ಅಥವಾ ತುಸು ಮುಂದಕ್ಕೆ ಕೂರಿಸುತ್ತಾರೆ. ಅಲ್ಲಿಯೂ ಜಾಹೀರಾತಿನಲ್ಲಿ ದಪ್ಪಗೆ ಬರೆಯುವುದು ಎಳೆಯುವ ಲೆಕ್ಕವನ್ನೇ. ಹೊರುವ ಲೆಕ್ಕ ಚಾಲಕನ ಬಾಗಿಲ ಸಂದಿನ ಚೀಟಿಯಲ್ಲಿರುತ್ತದೆ, ಮತ್ತು ಎಷ್ಟೋ ಬಾರಿ ಮೊದಲು ಮುಗಿಯುವುದು ಅದೇ.

ನಮ್ಮ ಕಾಯ್ದೆಯೂ ಈ ಭೇದವನ್ನು ಗುರುತಿಸಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ತನ್ನ ಭಾರದ ಒಂದು ಪಾಲನ್ನು ಎಳೆಯುವ ವಾಹನದ ಮೇಲೆ ಹೊರಿಸುವಂತೆ ಕಟ್ಟಿದ್ದು ಸೆಮಿ ಟ್ರೇಲರ್. ಟ್ರೇಲರ್ ಎಂದರೆ ಅದನ್ನು ಬಿಟ್ಟು ಎಳೆಸಿಕೊಳ್ಳುವ ಉಳಿದ ಗಾಡಿ. ಟ್ರ್ಯಾಕ್ಟರ್ ಎಂದರೆ ತಾನೇ ಹೇರು ಹೊರಲೆಂದು ಮಾಡಿದ್ದಲ್ಲದ ವಾಹನ. ಈ ಕೊನೆಯ ಮಾತನ್ನು ಮನಸ್ಸಿನಲ್ಲಿಡಿ.

ಹಾಗಾದರೆ ಯಾವ ಟ್ರಾಲಿ ಒಳ್ಳೆಯದು? ನಾಲ್ಕು ಗಾಲಿಯದು ಕೊಂಡಿಯ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ, ಆದರೆ ಹಿಂದಕ್ಕೆ ತೆಗೆಯುವುದು ಕಷ್ಟ. ಎರಡು ಗಾಲಿಯದು ಹಿಂದಕ್ಕೆ ಸಲೀಸು, ಹೊಲದಲ್ಲಿ ಹಿಡಿತವೂ ಚೆನ್ನ, ಆದರೆ ಹೇರುವ ಹದ ತಪ್ಪಬಾರದು. ದೂರದ ರಸ್ತೆಯ ಭಾರಕ್ಕೆ ನಾಲ್ಕು ಗಾಲಿ, ಹೊಲ ಮನೆ ಕೆಲಸಕ್ಕೆ ಎರಡು ಗಾಲಿ ಎಂದು ಇಟ್ಟುಕೊಳ್ಳಬಹುದು.

ಇನ್ನು ತಡೆಯುವ ಮಾತು. ಸಾಮಾನ್ಯ ಟ್ರ್ಯಾಕ್ಟರಿಗೆ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಟ್ರಾಲಿಗೆ ಬ್ರೇಕ್ ಇಲ್ಲದಿದ್ದರೆ ಎಲ್ಲವೂ ಸೇರಿ ಒಂಬತ್ತೂವರೆ ಟನ್ನನ್ನು ಆ ಎರಡೇ ಗಾಲಿ ಹಿಡಿಯಬೇಕು. ಇಳುಕಲಿನಲ್ಲಿ ಗಟ್ಟಿಯಾಗಿ ಒತ್ತಿದರೆ ಟ್ರಾಲಿ ಟ್ರ್ಯಾಕ್ಟರನ್ನು ಪಕ್ಕಕ್ಕೆ ತಳ್ಳಿ ಮಡಚಿಬಿಡುತ್ತದೆ. ಎರಡನೆಯ ಟ್ರಾಲಿ ಹಚ್ಚಿದರೆ ಅಪಾಯ ಹೆಚ್ಚುವುದೇ ಹೊರತು ಬ್ರೇಕಿನ ಬಲ ಹೆಚ್ಚುವುದಿಲ್ಲ. ವೇಗದ ಲೆಕ್ಕವೂ ಇದೆ. ಗಂಟೆಗೆ 15 ಕಿಲೊಮೀಟರ್ ಇದ್ದ ವೇಗ 30 ಆದರೆ ಬ್ರೇಕು ತಿನ್ನಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಆದ್ದರಿಂದ ಕೊಳ್ಳುವ ಮುನ್ನ ಇಷ್ಟು ಮಾಡಿ. ನೀವು ಸಾಗಿಸಲಿರುವ ಟ್ರಾಲಿಯಂಥದ್ದರ ಕಾರ್ಖಾನೆಯ ಕಾಟಾ ಚೀಟಿ ಸಂಪಾದಿಸಿ. ಅಂದಾಜು ಬೇಡ, ಚೀಟಿಯ ತೂಕವೇ ಬೇಕು. ಹಳೆಯ ಟ್ರ್ಯಾಕ್ಟರ್, ಟ್ರಾಲಿ ಕೊಳ್ಳುವುದಾದರೆ ಟ್ರ್ಯಾಕ್ಟರನ್ನು ಒಂಟಿಯಾಗಿ ಒಮ್ಮೆ ಕಾಟಾದ ಮೇಲೆ ನಿಲ್ಲಿಸಿ. ನಂತರ ಹೇರಿದ ಟ್ರಾಲಿ ಕಟ್ಟಿ, ಟ್ರಾಲಿಯ ಗಾಲಿಗಳು ಕಾಟಾದ ಹೊರಗೆ ಇರುವಂತೆ ಇನ್ನೊಮ್ಮೆ ತೂಗಿ. ಎರಡರ ವ್ಯತ್ಯಾಸವೇ ಕೊಂಡಿಯ ಭಾರ. ಮುಂದಿನ ಗಾಲಿಗಳನ್ನು ಮಾತ್ರ ತೂಗಿ ನೋಡಿ. ಟ್ರ್ಯಾಕ್ಟರಿನ ತೂಕದ ಐದನೆಯ ಒಂದು ಪಾಲಾದರೂ ಅಲ್ಲಿ ಉಳಿಯಬೇಕು. ಕಡಿಮೆಯಿದ್ದರೆ ಹೇರನ್ನು ಹಿಂದಕ್ಕೆ ಸರಿಸಬೇಕು ಅಥವಾ ಮುಂದೆ ತೂಕದ ಕಬ್ಬಿಣ ಕಟ್ಟಿಸಬೇಕು.

ಅಂಗಡಿಯಲ್ಲಿ ಮರಾಠಿಯಲ್ಲಾದರೂ ಕೇಳಿ, ಕನ್ನಡದಲ್ಲಾದರೂ ಕೇಳಿ, ಆದರೆ ಕೈಪಿಡಿಯ ಪುಟ ತೆರೆಸಿ ಕೇಳಿ: ಟ್ರ್ಯಾಕ್ಟರಿನ ಸ್ವಂತ ತೂಕವೆಷ್ಟು, ಕೊಂಡಿಯ ಮೇಲೆ ಎಷ್ಟು ಭಾರಕ್ಕೆ ಅನುಮತಿ, ಬ್ರೇಕಿಲ್ಲದ ಟ್ರಾಲಿ ಎಷ್ಟು ತೂಕದ್ದು ನಡೆಯುತ್ತದೆ, ಬ್ರೇಕಿರುವುದು ಎಷ್ಟು. ಎಚ್.ಪಿ. ಒಂದೇ ಇದ್ದರೂ ಭಾರವಾದ, ಗಾಲಿಗಳ ಅಂತರ ಉದ್ದವಾದ ಟ್ರ್ಯಾಕ್ಟರ್ ರಸ್ತೆ ಸಾಗಣೆಗೆ ಮೇಲು. ಟ್ರಾಲಿಗೂ ಬ್ರೇಕ್ ಹಾಕಿಸಿ. ಅದಕ್ಕೆ ಕೊಡುವ ಹಣ ಐದು ಎಚ್.ಪಿ. ಹೆಚ್ಚಿನ ಇಂಜಿನ್ನಿಗೆ ಕೊಡುವ ಹಣಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಟ್ರಾಲಿಗೆ ಬೇರೆ ನೋಂದಣಿ ಬೇಕು. ವಿಮೆಯ ಕಾಗದದಲ್ಲಿ ಟ್ರಾಲಿಯ ಹೆಸರೂ ಸೇರಿದೆಯೇ ಎಂದು ಓದಿಸಿಕೊಳ್ಳಿ. 2019ರ ತಿದ್ದುಪಡಿಯ ನಂತರ ಮಿತಿ ಮೀರಿದ ಹೇರಿಗೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡವಿದೆ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000.

ರಸ್ತೆಗೆ ಇಳಿದ ಮೇಲೆ ಎಡ, ಬಲ ಬ್ರೇಕಿನ ಪೆಡಲುಗಳನ್ನು ಜೋಡಿಸುವ ಚಿಲಕ ಹಾಕದೆ ಹೊರಡಬೇಡಿ. ಒಂದೇ ಪೆಡಲು ಒತ್ತಿದರೆ ಟ್ರ್ಯಾಕ್ಟರ್ ಗಿರ್ರನೆ ತಿರುಗುತ್ತದೆ. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಬೇಡಿ. ಕೊಂಡಿಯ ಕೀಲಿಗೆ ಪಿನ್ನು, ಜೊತೆಗೆ ಒಂದು ಸರಪಳಿ ಇರಲಿ. ಟ್ರಾಲಿಯ ಹಿಂದೆ ಕೆಂಪು ಮಿನುಗು ಪಟ್ಟಿ ಹಚ್ಚಿ, ಕಬ್ಬಿನ ಸೋಗೆ ಅದನ್ನು ಮುಚ್ಚದಂತೆ ಹೇರಿ. ಕತ್ತಲೆಯಲ್ಲಿ ಕೆಟ್ಟು ನಿಂತ ಟ್ರಾಲಿಯನ್ನು ಮೋಟಾರ್ ಸೈಕಲ್ಲಿನವನು ಕಾಣುವುದು ಆ ಪಟ್ಟಿಯಿಂದಲೇ. ಅವನು ನಿಮ್ಮ ಊರಿನವನೇ ಇರಬಹುದು.

ಮುಂದಿನ ಸಲ ಟ್ರ್ಯಾಕ್ಟರ್ ನೋಡಲು ಹೋದಾಗ ಎಷ್ಟು ಎಳೀತದ ಎಂಬುದನ್ನು ಕೊನೆಗೆ ಕೇಳಿ. ಎಷ್ಟು ಹೊರ್ತದ, ಎಷ್ಟರಲ್ಲಿ ನಿಲ್ತದ ಎಂಬುದನ್ನು ಮೊದಲು ಕೇಳಿ.